ಕುಂಡದಲ್ಲಿರುವ ಮರ ಯಾವುದೆಂದು ಪತ್ತೆಹಚ್ಚುವುದು ಹೇಗೆ?

ಮಲೆನಾಡಿನಲ್ಲಿ ಬೋನ್ಸಾಯ್ ಬೆಳೆಸುವವರ ಮನೆಗಳಿಗೆ ಹೋದಾಗಲೆಲ್ಲ ನನಗೆ ಎದುರಾಗುವುದು ಒಂದೇ ಬಗೆಯ ಕುಂಡ. ತಾರಸಿಯ ಬಿರುಕಿನಿಂದಲೋ ಹಳೆಯ ಬಾವಿಕಟ್ಟೆಯಿಂದಲೋ ಕಿತ್ತು ತಂದ, ಅಥವಾ ಫಲಪುಷ್ಪ ಪ್ರದರ್ಶನದಲ್ಲಿ ಕೊಂಡ, ಹೆಸರೇ ಗೊತ್ತಿಲ್ಲದ ಗಿಡವೊಂದು ಅದರಲ್ಲಿರುತ್ತದೆ. ‘ಇದು ಯಾವ ಮರ?’ ಎಂದು ಕೇಳಿದರೆ ‘ಬೋನ್ಸಾಯ್ ಮರ’ ಎಂಬ ಉತ್ತರ ಬರುತ್ತದೆ. ಬೋನ್ಸಾಯ್ ಎಂಬುದು ಬೆಳೆಸುವ ವಿಧಾನದ ಹೆಸರೇ ಹೊರತು ಮರದ ಜಾತಿಯ ಹೆಸರಲ್ಲ. ಜಾತಿ ತಿಳಿಯದೆ ಬೇರು ಕತ್ತರಿಸಿದವರು, ಜೂನ್ ತಿಂಗಳ ಜಡಿಮಳೆಗೆ ಕುಂಡವನ್ನು ಹೊರಗಿಟ್ಟವರು, ಸಹಜವಾಗಿ ಎಲೆ ಉದುರಿಸಿದ ಗಿಡವನ್ನು ಸತ್ತಿತೆಂದು ಎಸೆದವರು ನನ್ನ ಪರಿಚಯದಲ್ಲಿಯೇ ಹತ್ತಾರು ಮಂದಿ ಇದ್ದಾರೆ. ಆ ಪಟ್ಟಿಯಲ್ಲಿ ನಾನೂ ಒಬ್ಬ.

ಕೆಲವು ವರ್ಷಗಳ ಹಿಂದೆ ನರ್ಸರಿಯೊಂದರಲ್ಲಿ ‘ಚೈನೀಸ್ ಎಲ್ಮ್’ ಎಂಬ ಚೀಟಿ ಅಂಟಿಸಿದ ಪುಟ್ಟ ಗಿಡವೊಂದನ್ನು ಕೊಂಡು, ಚೀಟಿಯನ್ನೇ ನಂಬಿ ಮಳೆಗಾಲದುದ್ದಕ್ಕೂ ಅಂಗಳದಲ್ಲಿಟ್ಟೆ. ಸೆಪ್ಟೆಂಬರ್ ಹೊತ್ತಿಗೆ ಅದರ ಅರ್ಧ ಬೇರು ಕೊಳೆತಿತ್ತು. ಆಗ ಮೊದಲ ಬಾರಿಗೆ ಎಲೆಯನ್ನು ಬೆರಳಲ್ಲಿ ಹಿಡಿದು ನೋಡಿದೆ. ಮೇಲ್ಮೈ ಬೆಕ್ಕಿನ ನಾಲಿಗೆಯಂತೆ ಒರಟಾಗಿದ್ದು ಅಲ್ಲಲ್ಲಿ ಬಿಳಿ ಚುಕ್ಕೆಗಳಿದ್ದವು, ಎಲೆಯ ತುದಿಯಲ್ಲಿ ಮಾತ್ರ ಮೂರು ಹಲ್ಲುಗಳಿದ್ದವು. ಎಲ್ಮ್ ಎಲೆಗಾದರೆ ಅಂಚಿನ ಉದ್ದಕ್ಕೂ ಗರಗಸದಂಥ ಹಲ್ಲುಗಳಿರುತ್ತವೆ. ನನ್ನ ಕೈಯಲ್ಲಿದ್ದದ್ದು ಕಾರ್ಮೋನಾ, ಅಂದರೆ ದಕ್ಷಿಣ ಭಾರತದ ಒಣ ಕುರುಚಲು ಕಾಡುಗಳಲ್ಲಿಯೂ ಬೆಳೆಯುವ ಗಿಡ. ಅದನ್ನು ನಾಲ್ಕು ತಿಂಗಳು ನೀರಿನಲ್ಲಿ ನೆನೆಸಿದ್ದೆ.

ಮೊದಲು ಒಂದು ಟೊಂಗೆಯನ್ನು ಬೆಳೆಯಲು ಬಿಡಿ

ಕುಂಡದ ಇಕ್ಕಟ್ಟು, ಪದೇ ಪದೇ ಚಿವುಟುವುದು ಮತ್ತು ಎಲೆ ಬೋಳಿಸುವುದು, ಈ ಮೂರರಿಂದ ಎಲೆಯ ಗಾತ್ರ ಮೂಲ ಮರದ ಅರ್ಧಕ್ಕೋ ಕಾಲಿಗೋ ಇಳಿದಿರುತ್ತದೆ. ಅಂಥ ಎಲೆಯನ್ನು ಚಿತ್ರದೊಂದಿಗೆ ಹೋಲಿಸಿದರೆ ದಾರಿ ತಪ್ಪುವುದು ಖಚಿತ. ಆದ್ದರಿಂದ ಆಕಾರ ಕೆಟ್ಟರೂ ಚಿಂತೆಯಿಲ್ಲವೆಂದು ಒಂದು ಟೊಂಗೆಯನ್ನು ಎರಡು ಮೂರು ತಿಂಗಳು ಕತ್ತರಿ ತಾಗಿಸದೆ ಬಿಡಬೇಕು. ನಮ್ಮಲ್ಲಿ ಇದಕ್ಕೆ ಫೆಬ್ರವರಿಯಿಂದ ಮೇ ತಿಂಗಳವರೆಗಿನ ಕಾಲ ಸೂಕ್ತ. ಮಳೆ ಹಿಡಿದ ಮೇಲೆ ಚಿಗುರು ಸೊರಗಿ ಉದ್ದವಾಗುತ್ತದೆ, ಎಲೆಗೆ ಶಿಲೀಂಧ್ರದ ಚುಕ್ಕೆಗಳೂ ಬರುತ್ತವೆ.

ತೊಗಟೆಯನ್ನು ನೋಡಿ ಜಾತಿ ಹೇಳುವ ಉತ್ಸಾಹ ಬೇಡ. ತೀರ್ಥಹಳ್ಳಿ, ಹೊಸನಗರದ ಕಡೆ ನಾಲ್ಕೈದು ಮಳೆಗಾಲ ಕಳೆದ ಯಾವ ಕಾಂಡದ ಮೇಲಾದರೂ ಪಾಚಿ ಮತ್ತು ಕಲ್ಲುಹೂ ಹತ್ತಿ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿರುತ್ತವೆ. ಎಲೆಗೆ ಹೊಳಪು ಕೊಡುವ ಸ್ಪ್ರೇಗಳನ್ನಂತೂ ಮನೆಯಿಂದ ಹೊರಗೇ ಇಡಿ. ಅವು ಎಲೆಯ ರೋಮ, ಒರಟುತನ, ಚುಕ್ಕೆ ಮೊದಲಾದ ಗುರುತುಗಳನ್ನೆಲ್ಲ ಮುಚ್ಚಿಬಿಡುತ್ತವೆ.

ಗಿಣ್ಣನ್ನು ಓದುವುದು

ಜನರು ಎಡವುವುದು ಈ ಹಂತದಲ್ಲಿಯೇ ಆದ್ದರಿಂದ ಇಲ್ಲಿ ಆತುರ ಬೇಡ. ಎಲೆಯ ಅಳತೆ ಕುಂಡದಲ್ಲಿ ಬದಲಾಗುತ್ತದೆ, ಆದರೆ ಎಲೆ ಟೊಂಗೆಗೆ ಕೂಡುವ ಗಿಣ್ಣಿನ ರಚನೆ ಬದಲಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿಯೊಂದು ಕೈಯಲ್ಲಿರಲಿ. ಬೋನ್ಸಾಯ್ ಕತ್ತರಿಗಿಂತ ಮೊದಲು ಕೊಳ್ಳಬೇಕಾದದ್ದು ಅದೇ ಎಂದು ನಾನು ಹೇಳುತ್ತೇನೆ.

ಎಲೆ ಯಾವುದು, ಎಲೆದಳ ಯಾವುದು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಎಲೆಯ ತೊಟ್ಟು ಟೊಂಗೆಗೆ ಸೇರುವ ಕಂಕುಳಲ್ಲಿ ಮೊಗ್ಗು ಇರುತ್ತದೆ. ಸಂಯುಕ್ತ ಎಲೆಯ ದಳಗಳ ಬುಡದಲ್ಲಿ ಇರುವುದಿಲ್ಲ. ಹುಣಸೆಯಲ್ಲಿ ಹತ್ತಿಪ್ಪತ್ತು ಜೊತೆ ದಳಗಳು ಸೇರಿ ಒಂದು ಎಲೆಯಾಗುವುದರಿಂದ ಮೊಗ್ಗು ಸಿಗುವುದು ನಡುದಂಟಿನ ಬುಡದಲ್ಲಿ ಮಾತ್ರ. ನೆಲ್ಲಿಕಾಯಿ ಗಿಡ ಇದಕ್ಕೆ ತದ್ವಿರುದ್ಧ. ನೋಡಲು ಹುಣಸೆಯಂತೆಯೇ ಗರಿಗರಿಯಾಗಿದ್ದರೂ ಅಲ್ಲಿನ ಪ್ರತಿಯೊಂದು ಚಿಕ್ಕ ಪಟ್ಟಿಯೂ ಸ್ವತಂತ್ರ ಎಲೆ, ಅದನ್ನು ಹೊತ್ತಿರುವ ದಂಟು ಒಂದು ಕಿರುಟೊಂಗೆ. ಹೂ ಬರುವ ಕಾಲದಲ್ಲಿ ಆ ಕಿರುಟೊಂಗೆಯನ್ನು ಮಗುಚಿ ನೋಡಿದರೆ ಎಲೆಗಳ ಕಂಕುಳಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ತಿಳಿಹಸಿರು ಹೂಗಳು ಸಾಲಾಗಿ ಕುಳಿತಿರುತ್ತವೆ. ಒಮ್ಮೆ ಅದನ್ನು ಕಂಡವರು ಮತ್ತೆ ನೆಲ್ಲಿಯನ್ನು ಹುಣಸೆ ಎಂದು ಹೇಳಲಾರರು.

ಎಲೆಗಳು ಟೊಂಗೆಯ ಮೇಲೆ ಒಂದಾದ ಮೇಲೊಂದರಂತೆ ಪರ್ಯಾಯವಾಗಿವೆಯೋ, ಒಂದೇ ಗಿಣ್ಣಿನಲ್ಲಿ ಎದುರುಬದುರಾಗಿವೆಯೋ ಎಂಬುದನ್ನು ಆಮೇಲೆ ನೋಡಬೇಕು. ಚಿವುಟಿ ಗಿಡ್ಡವಾಗಿಸಿದ ಟೊಂಗೆಯಲ್ಲಿ ಗಿಣ್ಣುಗಳು ಒತ್ತೊತ್ತಾಗಿ ಬರುವುದರಿಂದ ಪರ್ಯಾಯ ಎಲೆಗಳೂ ಎದುರುಬದುರಾಗಿರುವಂತೆ ಕಾಣುತ್ತವೆ; ಒಂದು ಟೊಂಗೆಯನ್ನು ಬಿಡಲು ಹೇಳಿದ್ದು ಇದೇ ಕಾರಣಕ್ಕೆ. ಎದುರುಬದುರು ಎಲೆಗಳಿದ್ದರೆ ನೇರಳೆ, ಮುರುಗಲು, ಕಾಸರಕ, ಕವಳಿ, ಕಾಫಿ ಮತ್ತು ಕಾರೆಯ ಬಳಗದ ಕಡೆ ಗಮನ ಹರಿಸಬೇಕು. ನೇರಳೆಯ ಎಲೆಯನ್ನು ಬೆಳಕಿಗೆ ಹಿಡಿದರೆ ಅಂಚಿಗೆ ಸಮಾನಾಂತರವಾಗಿ ಸಾಗುವ ನರವೊಂದು ಎಲೆಗೆ ಕರೆ ಕಟ್ಟಿದಂತೆ ಕಾಣುತ್ತದೆ. ಕಾಸರಕದ ಎಲೆಯಲ್ಲಿ ಬುಡದಿಂದಲೇ ಮೂರೋ ಐದೋ ನರಗಳು ತುದಿಯ ಕಡೆಗೆ ಬಾಗಿ ಹೊರಡುತ್ತವೆ. ಕಾಸರಕದ ಬೀಜ ಕಡುವಿಷವಾದ್ದರಿಂದ, ಗುರುತಿಸುವ ನೆಪದಲ್ಲಿ ಯಾವ ಎಲೆಯನ್ನೂ ಕಾಯಿಯನ್ನೂ ನಾಲಿಗೆಗೆ ತಾಗಿಸಬೇಡಿ. ಕಾಫಿಯ ಬಳಗದಲ್ಲಿ ಎರಡು ತೊಟ್ಟುಗಳ ನಡುವೆ ಟೊಂಗೆಯ ಮೇಲೆ ಸಣ್ಣ ತ್ರಿಕೋನಾಕಾರದ ಪೊರೆ ಇರುತ್ತದೆ. ಭೂತಗನ್ನಡಿಯಿದ್ದರೆ ಅರ್ಧ ನಿಮಿಷದ ಕೆಲಸ.

ಇನ್ನು ಉಂಗುರ. ಎಳೆಯ ಟೊಂಗೆಯಲ್ಲಿ ಪ್ರತಿ ಗಿಣ್ಣಿನ ಸುತ್ತಲೂ ದಾರ ಬಿಗಿದು ಬಿಚ್ಚಿದಂತೆ ಒಂದು ಗೆರೆ ಪೂರ್ತಿ ಸುತ್ತು ಹಾಕಿದ್ದರೆ ನೀವು ಬಹುಪಾಲು ಗುರಿ ಮುಟ್ಟಿದಂತೆ. ಚಿಗುರಿನ ತುದಿಗೆ ಕುಲಾವಿಯಂತೆ ಹೊದ್ದುಕೊಂಡಿರುವ ಚೂಪಾದ ಪೊರೆ ಉದುರಿದಾಗ ಉಳಿಯುವ ಗುರುತು ಅದು. ಆಲ, ಅರಳಿ, ಅತ್ತಿ, ಬಸರಿ, ಗೋಣಿಗಳಲ್ಲಿಯೂ, ಹಲಸಿನಲ್ಲಿಯೂ, ಸಂಪಿಗೆಯಲ್ಲಿಯೂ ಈ ಉಂಗುರವಿದೆ. ಉಂಗುರದ ಜೊತೆಗೆ ಹಾಲು ಒಸರಿದರೆ ಆಲ ಮತ್ತು ಹಲಸಿನ ಬಳಗ; ಉಂಗುರವಿದ್ದೂ ಹಾಲಿಲ್ಲದಿದ್ದರೆ ಸಂಪಿಗೆಯನ್ನು ಅನುಮಾನಿಸಿ. ಉಂಗುರವಿಲ್ಲದೆ ಹಾಲು ಮಾತ್ರ ಬಂದು ಎಲೆಗಳು ಪರ್ಯಾಯವಾಗಿದ್ದು ಅಂಚು ಅಲೆಯಲೆಯಾಗಿದ್ದರೆ ರಂಜ, ಅಂದರೆ ಬಕುಳ, ಇರಬಹುದು. ಎದುರುಬದುರು ಎಲೆ, ಹಾಲು ಮತ್ತು ಮುಳ್ಳು ಮೂರೂ ಇದ್ದರೆ ಅದು ಕವಳಿ. ಹಾಲಿನ ಬದಲು ಹಳದಿ ಸೊನೆ ಬಂದರೆ ಮುರುಗಲು ಅಥವಾ ಉಪ್ಪಾಗೆ.

ಸೊನೆ ನೋಡುವ ಮುನ್ನ

ಹಾಲು ನೋಡಲೆಂದು ಎಲೆ ಮುರಿಯುವ ಮೊದಲು ತೊಟ್ಟನ್ನು ಪರೀಕ್ಷಿಸಿ. ತೊಟ್ಟಿನ ಮೇಲೆ ಎರಡೂ ಬದಿಗೆ ಗಿಳಿಯ ಕೊಕ್ಕಿನಂಥ ಸಣ್ಣ ಕೊಂಡಿಗಳಿದ್ದು, ಎಲೆಗಳು ಟೊಂಗೆಯ ತುದಿಯಲ್ಲಿ ಗುಂಪುಗೂಡಿದ್ದರೆ ಕೈ ಹಿಂದೆಗೆಯಿರಿ. ಅದು ಹೊಲಗೇರು. ಅದರ ಸೊನೆ ಗಾಳಿ ತಾಗಿದ ಮೇಲೆ ಕಪ್ಪಾಗುತ್ತದೆ, ಚರ್ಮಕ್ಕೆ ತಾಗಿದರೆ ಬೊಬ್ಬೆಯೇಳುತ್ತದೆ. ತೋಟದಂಚಿನ ಸಸಿಯೊಂದನ್ನು ಮಾವಿನದೆಂದು ಭಾವಿಸಿ ಕುಂಡಕ್ಕೆ ಹಾಕಿ, ಬರಿಗೈಯಲ್ಲಿ ತಂತಿ ಸುತ್ತಿದ ನಮ್ಮ ನೆಂಟರೊಬ್ಬರು ಎರಡು ವಾರ ಅನ್ನ ಕಲಸಲಾಗದೆ ಚಮಚದಲ್ಲಿ ಉಂಡರು. ಮಾವಿನ ಎಲೆ ಹಿಸುಕಿದರೆ ಬರುವ ಮಾವಿನಕಾಯಿಯ ವಾಸನೆಯನ್ನು ಹುಡುಕುತ್ತ ಅವರು ಆ ಎಲೆಯನ್ನು ಹಿಸುಕಿಯೂ ಇದ್ದರು. ಕೈಗವಸು ಹಾಕಿಕೊಂಡು, ಸೂಜಿಯಿಂದ ಒಂದೇ ಎಲೆಯ ನಡುನರವನ್ನು ಚುಚ್ಚಿ, ಬಂದ ಹನಿಯನ್ನು ಬಿಳಿ ಕಾಗದಕ್ಕೆ ಒರೆಸಿ ಮರುದಿನದವರೆಗೆ ಇಟ್ಟು ಬಣ್ಣ ನೋಡಿದರೆ ಸಾಕು. ಆಲದ ಬಳಗದ ಹಾಲೂ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು.

ಆಲದ ಬಳಗದೊಳಗೆ

ಮಲೆನಾಡಿನ ಕುಂಡಗಳಲ್ಲಿ ಹೆಚ್ಚಿನವು ಈ ಬಳಗದವೇ. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಗೋಡೆಗೂ ಹಂಚಿನ ಸಂದಿಗೂ ಬಿತ್ತುವುದರಿಂದ ಸಸಿ ಪುಕ್ಕಟೆಯಾಗಿ ಸಿಗುತ್ತದೆ. ಅರಳಿಯನ್ನು ಗುರುತಿಸಲು ಪಾಠ ಬೇಕಿಲ್ಲ. ಆದರೆ ಹೃದಯಾಕಾರದ ಎಲೆಗಳೆಲ್ಲ ಅರಳಿಯಲ್ಲ. ಬಂಡೆಗಳ ಮೇಲೆ ಬೆಳೆಯುವ ಕಲ್ಲರಳಿಯ ಎಲೆಗೂ ಅದೇ ಆಕಾರವಿದ್ದರೂ ತುದಿಯ ಬಾಲ ಗಿಡ್ಡ, ತೊಟ್ಟಿಗೆ ಕೆಂಪು ಛಾಯೆ. ಬೋನ್ಸಾಯ್‌ಗೆ ನನ್ನ ಆಯ್ಕೆ ಕಲ್ಲರಳಿಯೇ. ಅರಳಿಯ ಉದ್ದ ತೊಟ್ಟು ಮತ್ತು ಬಾಲ ಎಷ್ಟು ಚಿವುಟಿದರೂ ಪುಟ್ಟ ಮರಕ್ಕೆ ಹೊಂದುವುದಿಲ್ಲ.

ಆಲದ ಎಲೆ ದಪ್ಪ, ತುದಿ ಮೊಂಡು. ಬುಡದಿಂದ ಮೂರು ಬಲವಾದ ನರಗಳು ಹೊರಡುತ್ತವೆ, ಎಲೆಯ ಹಿಂಬದಿಯಲ್ಲಿ ತೊಟ್ಟು ಕೂಡುವ ಜಾಗದಲ್ಲಿ ಎಣ್ಣೆ ಸವರಿದಂಥ ಹೊಳಪಿನ ಮಚ್ಚೆಯೊಂದಿರುತ್ತದೆ. ಗೋಣಿಯ ಎಳೆ ಟೊಂಗೆ ಮತ್ತು ಚಿಗುರಿನ ಮೇಲೆ ಕಂದು ಬಣ್ಣದ ಉಣ್ಣೆಯಂಥ ರೋಮ ದಟ್ಟವಾಗಿರುತ್ತದೆ. ಬಸರಿ ವರ್ಷಕ್ಕೊಮ್ಮೆ ಎಲೆಗಳನ್ನೆಲ್ಲ ಉದುರಿಸಿ ಬೋಳಾಗಿ, ಬಳಿಕ ತಾಮ್ರವರ್ಣದ ಚಿಗುರು ತಳೆಯುತ್ತದೆ. ಇದನ್ನು ತಿಳಿಯದವರು ಬೋಳು ಗಿಡಕ್ಕೆ ಗೊಬ್ಬರದ ಮೇಲೆ ಗೊಬ್ಬರ ಸುರಿದು ನಿಜವಾಗಿಯೂ ಕೊಲ್ಲುತ್ತಾರೆ. ಎಲೆ ಮುಟ್ಟಿದರೆ ಮರಳುಕಾಗದದಂತೆ ಉಜ್ಜಿದ ಅನುಭವವಾದರೆ ಗರಗಸದ ಮರ. ಒರಟಾದ ಎಲೆಗಳು ಎದುರುಬದುರಾಗಿಯೂ ಇದ್ದರೆ ಕಾಡತ್ತಿ. ಆಲದ ಬಳಗದಲ್ಲಿ ಇದು ಅಪರೂಪದ ಲಕ್ಷಣ.

ನರ್ಸರಿಗಳಲ್ಲಿ ‘ಫೈಕಸ್ ಬೋನ್ಸಾಯ್’ ಎಂದು ಮಾರುವ ಗಿಡಗಳು ಬಹುತೇಕ ಎರಡೇ. ಎಲೆ ತೆಳ್ಳಗಿದ್ದು ತುದಿ ನೀಳವಾಗಿ ಚಾಚಿ, ಟೊಂಗೆಗಳು ಜೋಲುಬಿದ್ದಿದ್ದರೆ ಬೆಂಜಮಿನ; ಎಲೆ ದಪ್ಪಗೆ, ಕಡುಹಸಿರಾಗಿ, ತುದಿ ಮೊಂಡಾಗಿದ್ದರೆ ಹಳಬರು ಕಿರುಗೋಳಿ ಎನ್ನುವ ಮೈಕ್ರೋಕಾರ್ಪ. ಗೆಣಸಿನಂತೆ ಉಬ್ಬಿದ ಬೇರಿನ ‘ಜಿನ್ಸೆಂಗ್’ ಗಿಡಗಳಲ್ಲಿ ಒಂದು ಗಿಡದ ಬುಡಕ್ಕೆ ಚಿಕ್ಕ ಎಲೆಯ ಮತ್ತೊಂದು ತಳಿಯನ್ನು ಕಸಿ ಮಾಡಿರುತ್ತಾರೆ. ಕಸಿಯ ಗಂಟಿನ ಕೆಳಗಿನಿಂದ ಒಡೆದ ಚಿಗುರಿನ ಎಲೆಯನ್ನು ಬೇರೆಯಾಗಿಯೇ ನೋಡದಿದ್ದರೆ ಒಂದೇ ಕುಂಡದಲ್ಲಿ ಎರಡು ಉತ್ತರ ಬಂದು ತಲೆಕೆಡುತ್ತದೆ. ಇಂಥ ಗಿಡಗಳ ಮಣ್ಣಿನ ಮೇಲೆ ಅಂಟು ಹಾಕಿ ಕೂರಿಸಿದ ಬೆಣಚುಕಲ್ಲುಗಳನ್ನು ಮನೆಗೆ ತಂದ ದಿನವೇ ಕಿತ್ತೆಸೆಯಬೇಕು. ನೀರೂ ಇಳಿಯುವುದಿಲ್ಲ, ಬೇರಿನ ಬುಡವೂ ಕಾಣುವುದಿಲ್ಲ.

ಗೋಡೆಯಿಂದ ಕಿತ್ತ ಎಳೆಯ ಸಸಿಗಳ ಬಗ್ಗೆ ಒಂದು ಎಚ್ಚರಿಕೆ. ಹಲಸು ಮತ್ತು ಹೆಬ್ಬಲಸಿನ ಸಸಿಗಳ ಎಲೆಗಳು ಸೀಳುಸೀಳಾಗಿರುತ್ತವೆ, ಬೆಳೆದ ಮರದ ಎಲೆಗಳು ಹಾಗಿರುವುದಿಲ್ಲ. ಇಂಥ ಸಸಿಗಳ ವಿಷಯದಲ್ಲಿ ಒಂದೆರಡು ವರ್ಷ ಕಾಯುವುದೇ ಲೇಸು.

ಮೊಬೈಲ್ ಆ್ಯಪ್ ಮತ್ತು ಹೋಲಿಕೆ

ಕುಂಡದ ಇಡೀ ಚಿತ್ರ ತೆಗೆದು ಆ್ಯಪ್‌ಗೆ ಹಾಕಿದರೆ ಅದು ನಾಲ್ಕು ಖಂಡಗಳ ನಾಲ್ಕು ಹೆಸರು ಹೇಳುತ್ತದೆ. ಹಾಕಲೇಬೇಕೆಂದಿದ್ದರೆ ಬಿಟ್ಟ ಟೊಂಗೆಯ ಎಲೆಯ ಮೇಲ್ಮೈ, ಹಿಂಬದಿ, ಗಿಣ್ಣು ಮತ್ತು ಕಾಯಿಯ ಚಿತ್ರಗಳನ್ನು ಬೇರೆಬೇರೆಯಾಗಿ ಹಾಕಿ, ಬಂದ ಹೆಸರನ್ನು ಊಹೆಯೆಂದಷ್ಟೇ ಪರಿಗಣಿಸಿ.

ಆ ಹೆಸರಿನ ಬೆಳೆದ ಮರದ ಬಳಿಗೆ ಎಲೆ ಹಿಡಿದು ಹೋಗುವುದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಮಲೆನಾಡಿನವರಿಗೆ ಇದು ಸುಲಭ. ಊರಬಾಗಿಲ ಕಟ್ಟೆಯಲ್ಲಿ, ಸೊಪ್ಪಿನಬೆಟ್ಟದಲ್ಲಿ, ತೋಟದ ಬೇಲಿಯಲ್ಲಿ ಮೂಲ ಮರಗಳು ನಿಂತೇ ಇವೆ. ಹೋಲಿಸಲು ಎಲೆ ತರಬಹುದೇ ಹೊರತು ಕಾಯ್ದಿಟ್ಟ ಅರಣ್ಯದಿಂದ ಗಿಡ ಕಿತ್ತು ತರುವಂತಿಲ್ಲ. ಅದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ.

ಅಷ್ಟಾದರೂ ಬಗೆಹರಿಯದಿದ್ದರೆ ಒಂದೂಕಾಲು ಅಡಿ ಉದ್ದದ ಟೊಂಗೆಯನ್ನು, ಸಾಧ್ಯವಿದ್ದರೆ ಹೂವೋ ಕಾಯೋ ಇರುವಂಥದ್ದನ್ನು, ದಿನಪತ್ರಿಕೆಯ ಮಡಿಕೆಯಲ್ಲಿ ಹರಡಿ, ಕೆಲವು ಎಲೆಗಳ ಹಿಂಬದಿ ಮೇಲೆ ಬರುವಂತೆ ತಿರುಗಿಸಿ, ಮೇಲೊಂದು ಮಣೆಯ ಭಾರವಿಟ್ಟು ಒಣಗಿಸಿ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಪ್ರತಿದಿನವೂ ಕಾಗದ ಬದಲಿಸಬೇಕು. ಅಡಿಕೆ ಒಣಗಿಸುವ ಅಟ್ಟವಿದ್ದರೆ ಅಲ್ಲಿಟ್ಟರೂ ಆದೀತು. ಒಣಗಿಸಿದ ಮಾದರಿಯನ್ನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿಯೋ ಹತ್ತಿರದ ಕಾಲೇಜಿನಲ್ಲಿಯೋ ಸಸ್ಯಶಾಸ್ತ್ರ ಕಲಿಸುವವರಿಗೆ ತೋರಿಸಿ. ಎಲೆಯೊಂದನ್ನೇ ಕಿತ್ತು ಜೇಬಿನಲ್ಲಿ ಮಡಚಿಕೊಂಡು ಹೋದರೆ ಅವರೂ ಏನೂ ಹೇಳಲಾರರು.

ಹೆಸರು ಬರೆದಿಡುವುದು

ತಂಪು ಪಾನೀಯದ ಡಬ್ಬಿಯ ತಗಡನ್ನು ಪಟ್ಟಿಯಾಗಿ ಕತ್ತರಿಸಿ, ಮೊಳೆಯಿಂದ ಒತ್ತಿ ಹೆಸರು ಮತ್ತು ದಿನಾಂಕ ಬರೆಯಿರಿ. ಶಾಯಿಯಲ್ಲಿ ಬರೆದದ್ದು ಒಂದು ಮಳೆಗಾಲಕ್ಕೂ ಬಾಳುವುದಿಲ್ಲ. ಪಟ್ಟಿಯನ್ನು ಕುಂಡಕ್ಕೆ ಕಟ್ಟಬೇಕು, ಟೊಂಗೆಗೆ ಕಟ್ಟಿದರೆ ತಂತಿ ತೊಗಟೆಯೊಳಗೆ ಹೂತುಹೋಗುತ್ತದೆ. ಕಾಯಿ ಕಂಡು ಖಚಿತವಾಗುವವರೆಗೆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆಯಿರಲಿ. ನನ್ನ ಜಗಲಿಯ ಎರಡು ಕುಂಡಗಳ ತಗಡಿನ ಮೇಲೆ ಅದು ಇನ್ನೂ ಇದೆ. ಅವುಗಳಲ್ಲಿ ಒಂದರ ಗಿಣ್ಣಿನಲ್ಲಿ ಕಳೆದ ವಾರ ಮೆಣಸಿನ ಕಾಳಿನಷ್ಟು ದಪ್ಪದ ಎರಡು ಹಸಿರು ಗುಂಡುಗಳು ಕಾಣಿಸಿಕೊಂಡಿದ್ದು, ಅವು ಹಣ್ಣಾಗುವವರೆಗೆ ಆ ಟೊಂಗೆಗೆ ಕತ್ತರಿ ತಾಗಿಸಬಾರದೆಂದು ಮನೆಯವರಿಗೆಲ್ಲ ಹೇಳಿದ್ದೇನೆ.