ಮಲ್ಟಿಮೀಟರ್ ಹಿಡಿದು ಕಲಿತ ಎಲೆಕ್ಟ್ರಾನಿಕ್ಸ್

ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್ ಅಂದರೇನು ಅಂತ ಎಷ್ಟು ಸಲ ಓದಿದರೂ ನನ್ನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ನಿಂತದ್ದು ಈ ಮೂರನ್ನೂ ಅಳೆಯುವ ಮಲ್ಟಿಮೀಟರ್ ಕೈಗೆ ಬಂದ ಮೇಲೆ. ಹೊಸಬರು ಯಾರೇ ಕೇಳಿದರೂ ನಾನು ಹೇಳುವುದು ಇದನ್ನೇ: ಬಾಯಿಪಾಠ ಮಾಡಬೇಡಿ, ಅಳೆದು ನೋಡಿ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಬೇಕಾದ ಸಾಮಾನೆಲ್ಲ ಸಿಗುತ್ತದೆ. 9 ವೋಲ್ಟ್ ಬ್ಯಾಟರಿ, ಬೆಸುಗೆ ಇಲ್ಲದೆ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್, ಕೆಂಪು ಎಲ್‌ಇಡಿ ಅನ್ನುವ ಪುಟ್ಟ ದೀಪ, ಕರೆಂಟಿಗೆ ತಡೆ ಒಡ್ಡುವ ಒಂದಷ್ಟು ರೆಸಿಸ್ಟರ್, ಚಾರ್ಜ್ ಕೂಡಿಡುವ ಒಂದು ಕೆಪಾಸಿಟರ್. ಶುರು ಮಾಡಲು ಇಷ್ಟು ಸಾಕು.

ನಾನು ಮೊದಲು ಬ್ಯಾಟರಿ, 470 ಓಮ್ ರೆಸಿಸ್ಟರ್, ಎಲ್‌ಇಡಿ ಮೂರನ್ನೂ ಒಂದರ ಹಿಂದೊಂದು ಜೋಡಿಸಿದೆ. ಹೀಗೆ ಜೋಡಿಸಿದರೆ ಅದು ಸೀರೀಸ್. ಎಲ್‌ಇಡಿಯ ಉದ್ದದ ಕಾಲು ಪ್ಲಸ್ ಕಡೆಗೆ. ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ ಎಲ್‌ಇಡಿಯ ಎರಡೂ ಕಾಲಿಗೆ ಪ್ರೋಬ್ (ಮೀಟರಿನ ತಂತಿಗಳ ಚೂಪು ತುದಿ) ಇಟ್ಟರೆ ಸುಮಾರು 2 ವೋಲ್ಟ್. ರೆಸಿಸ್ಟರ್‌ನ ಎರಡು ತುದಿಗೆ ಇಟ್ಟರೆ ಸುಮಾರು 7. ಎರಡೂ ಕೂಡಿದರೆ ಬ್ಯಾಟರಿಯ 9! ವೋಲ್ಟೇಜ್ ಯಾವಾಗಲೂ ಎರಡು ಜಾಗಗಳ ನಡುವಿನ ಲೆಕ್ಕ ಅನ್ನುವುದು ನನಗೆ ಹೊಳೆದದ್ದು ಆಗಲೇ. ಒಂದೇ ಪ್ರೋಬ್ ಇಟ್ಟು ವೋಲ್ಟೇಜ್ ಎಷ್ಟು ಅಂತ ಕೇಳಿದರೆ ಉತ್ತರವೇ ಇಲ್ಲ.

ಕರೆಂಟ್ ಅಳೆಯುವ ರೀತಿ ಬೇರೆ. ಅದು ಹರಿಯುವ ದಾರಿಯನ್ನು ಒಂದು ಕಡೆ ಬಿಡಿಸಿ, ಆ ಜಾಗದಲ್ಲಿ ಮೀಟರ್ ಸೇರಿಸಬೇಕು. ಕರೆಂಟೆಲ್ಲ ಮೀಟರಿನೊಳಗೇ ಹಾದುಹೋಗಬೇಕು, ಅಲ್ವಾ? ನನ್ನ ಮೀಟರ್ ತೋರಿಸಿದ್ದು ಹತ್ತಿರ ಹತ್ತಿರ 15 ಮಿಲಿಆಂಪ್. 7 ವೋಲ್ಟನ್ನು 470ರಿಂದ ಭಾಗಿಸಿ ನೋಡಿ, 0.015 ಆಂಪ್ ಬರುತ್ತದೆ. ವೋಲ್ಟೇಜನ್ನು ರೆಸಿಸ್ಟೆನ್ಸ್‌ನಿಂದ ಭಾಗಿಸಿದರೆ ಕರೆಂಟ್ ಅಂತ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ನನ್ನ ಮೇಜಿನ ಮೇಲೆ ಸರಿಯಾಗಿ ಕೂತಿತ್ತು. ಆ ಖುಷಿಯೇ ಬೇರೆ. ಆದರೆ ಮೀಟರ್ ಆಂಪ್‌ನಲ್ಲಿ ಇರುವಾಗ ಪ್ರೋಬ್‌ಗಳನ್ನು ನೇರ ಬ್ಯಾಟರಿಗೆ ಮುಟ್ಟಿಸಬೇಡಿ, ಒಳಗಿನ ಫ್ಯೂಸ್ ಹೋಗಬಹುದು.

ರೆಸಿಸ್ಟರ್ ಮೇಲಿನ ಹಳದಿ, ನೇರಳೆ, ಕಂದು ಪಟ್ಟಿ ಅಂದರೆ 4, 7, ಮುಂದೆ ಒಂದು ಸೊನ್ನೆ. ಕೊನೆಯ ಚಿನ್ನದ ಬಣ್ಣದ ಪಟ್ಟಿ ಟಾಲರೆನ್ಸ್, ಅಂದರೆ ಶೇಕಡಾ 5ರಷ್ಟು ಹೆಚ್ಚು ಕಡಿಮೆ ಇರಬಹುದು. ಹಾಗಾಗಿ ಮೀಟರ್ 465 ತೋರಿಸಿದರೆ ಗಾಬರಿ ಬೇಡ. ಅಳೆಯುವಾಗ ರೆಸಿಸ್ಟರನ್ನು ಸರ್ಕ್ಯೂಟ್‌ನಿಂದ ಹೊರಗೆ ತೆಗೆಯಿರಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಕೆಪಾಸಿಟರ್. 1000 ಮೈಕ್ರೋಫ್ಯಾರಡ್‌ನ ಒಂದನ್ನು 10 ಕಿಲೋಓಮ್ ರೆಸಿಸ್ಟರ್ ಮೂಲಕ ಬ್ಯಾಟರಿಗೆ ಜೋಡಿಸಿ, ಕೆಪಾಸಿಟರ್‌ನ ಎರಡು ಕಾಲಿಗೆ ಪ್ರೋಬ್ ಇಟ್ಟು ಸುಮ್ನೆ ನೋಡುತ್ತಾ ಕೂತೆ. ವೋಲ್ಟೇಜ್ ಮೊದಲು ಬೇಗ ಬೇಗ ಏರಿತು, ಆಮೇಲೆ ನಿಧಾನವಾಯಿತು. ಓಮ್ ಮತ್ತು ಫ್ಯಾರಡ್ ಗುಣಿಸಿದರೆ ಸೆಕೆಂಡ್ ಸಿಗುತ್ತದೆ, ಇಲ್ಲಿ 10,000 × 0.001, ಅಂದರೆ 10. ಅಷ್ಟು ಹೊತ್ತಿಗೆ ಶೇಕಡಾ 63ರಷ್ಟು, ಅಂದರೆ 5.7 ವೋಲ್ಟ್ ಆಸುಪಾಸು ತುಂಬಿರುತ್ತದೆ. ಈ 10 ಸೆಕೆಂಡೇ ಟೈಮ್ ಕಾನ್‌ಸ್ಟಂಟ್. ಚಾರ್ಜ್ ಅನ್ನುವುದು ತುಂಬುವುದನ್ನು ಕಣ್ಣಾರೆ ಕಂಡಂತಾಯಿತು. ಇಂಥ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನಲ್ಲಿ ಪಟ್ಟಿ ಇರುವ ಕಡೆ ಮೈನಸ್, ತಿರುಗಿಸಿ ಹಾಕಿದರೆ ಸಿಡಿಯಬಹುದು.

ಇಷ್ಟೆಲ್ಲ ಬ್ಯಾಟರಿಯಲ್ಲೇ ಮಾಡಿ. ಗೋಡೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟ್ ಎಸಿ, ಕಲಿಯುವವರು ಅದರ ಹತ್ತಿರ ಹೋಗುವುದು ಬೇಡ.