ಅರ್ಥ್‌ಸೀ ದ್ವೀಪಗಳನ್ನು ಆಟದ ಮೇಜಿಗೆ ಇಳಿಸಿದ ಬಗೆ

ಕಾದಂಬರಿಯೊಂದರ ಲೋಕವನ್ನು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಕ್ಕೆ, ಅಂದರೆ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಕಥೆ ಕಟ್ಟುವ ಆಟಕ್ಕೆ, ಒಗ್ಗಿಸುವವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಅದರ ನಕ್ಷೆಗೆ, ಆಮೇಲೆ ಅಲ್ಲಿನ ಜೀವಿಗಳ ಪಟ್ಟಿಗೆ. ಉರ್ಸುಲಾ ಲೆ ಗ್ವಿನ್ ಅವರ ಕಾದಂಬರಿಗಳ ದ್ವೀಪಲೋಕವಾದ ಅರ್ಥ್‌ಸೀಯನ್ನು ನಮ್ಮ ಗೆಳೆಯರ ಬಳಗಕ್ಕಾಗಿ ಆಟವಾಗಿಸಲು ಹೊರಟಾಗ ನಾನು ಇವೆರಡನ್ನೂ ಬದಿಗಿಟ್ಟು, ಈ ಲೋಕದಲ್ಲಿ ಮಂತ್ರದ ಕೆಲಸಕ್ಕೆ ತೆರಬೇಕಾದ ಬೆಲೆ ಏನು, ಅದನ್ನು ತೆರುವವರು ಯಾರು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡೆ. ನಕ್ಷೆ ಪುಸ್ತಕದಲ್ಲೇ ಇದೆ, ಡ್ರಾಗನ್‌ಗಳು ಬೇರೆ ಆಟಗಳಲ್ಲೂ ಸಿಗುತ್ತವೆ. ಸಿಗದೆ ಇರುವುದು ಮಂತ್ರ ಬಲ್ಲವನೊಬ್ಬ ಅದನ್ನು ನುಡಿಯುವ ಮುನ್ನ ತಡೆಯುವ ಆ ಒಂದು ಗಳಿಗೆ. ಆಟಗಾರನಲ್ಲಿ ಅದನ್ನು ಹುಟ್ಟಿಸಲಾರದ ನಿಯಮಗಳು ಅರ್ಥ್‌ಸೀಯ ಹೆಸರನ್ನು ಹೊತ್ತ ಬೇರಾವುದೋ ಆಟವಾಗುತ್ತವೆ.

ಹಾಗೆ ಆದ ಉದಾಹರಣೆ ಕಣ್ಣ ಮುಂದೆಯೇ ಇತ್ತು. ಟೋಲ್ಕಿನ್ ಅವರ ಮಿಡ್ಲ್ ಅರ್ಥ್‌ಗೆ 1984ರಲ್ಲಿ ಐರನ್ ಕ್ರೌನ್ ಸಂಸ್ಥೆ ತನ್ನ ರೋಲ್‌ಮಾಸ್ಟರ್ ಪದ್ಧತಿಯನ್ನೇ ಸರಳಗೊಳಿಸಿ ಅಳವಡಿಸಿದಾಗ, ಭೂಗೋಳದ ವಿವರಗಳು ಶ್ರದ್ಧೆಯಿಂದ ಬಂದವು, ಆದರೆ ಯಾವ ಏಟಿಗೆ ಯಾವ ಎಲುಬು ಮುರಿಯಿತು ಎಂದು ಹೇಳುವ ಕೋಷ್ಟಕಗಳು ಮೂಲ ಕಥೆಯ ಧಾಟಿಗೆ ಹೊಂದಲಿಲ್ಲ. 2011ರಲ್ಲಿ ಫ್ರಾನ್ಸೆಸ್ಕೊ ನೆಪಿಟೆಲ್ಲೊ ರೂಪಿಸಿದ ‘ದಿ ಒನ್ ರಿಂಗ್’ ಆಟವಾದರೋ ದೀರ್ಘ ಪ್ರಯಾಣದ ದಣಿವನ್ನೂ, ಭರವಸೆ ಸವೆದು ನೆರಳು ಕವಿಯುವುದನ್ನೂ ನೇರವಾಗಿ ನಿಯಮಗಳಾಗಿ ಮಾಡಿತು. ನಾನು ಹಿಡಿದದ್ದು ಎರಡನೆಯ ದಾರಿ.

ಡಂಜನ್ಸ್ ಆ್ಯಂಡ್ ಡ್ರಾಗನ್ಸ್‌ನ ಮಾಂತ್ರಿಕನನ್ನು ತರುವುದು ಸಾಧ್ಯವಿರಲಿಲ್ಲ. 1974ರ ಆ ಆಟ ಮಂತ್ರದ ಕಲ್ಪನೆಯನ್ನು ಜ್ಯಾಕ್ ವ್ಯಾನ್ಸ್ ಅವರ ಕಥೆಗಳಿಂದ ಪಡೆದಿದೆ: ಮಾಂತ್ರಿಕ ಮಂತ್ರವನ್ನು ಕಂಠಪಾಠ ಮಾಡುತ್ತಾನೆ, ಪ್ರಯೋಗಿಸಿದೊಡನೆ ಅದು ಮನಸ್ಸಿನಿಂದ ಅಳಿಸಿಹೋಗುತ್ತದೆ, ಮತ್ತೆ ಕಲಿಯಬೇಕು. ಅಲ್ಲಿ ಮಂತ್ರವೆಂದರೆ ಖರ್ಚಾಗುವ ವಸ್ತು, ಆಟಗಾರನ ಜಾಣ್ಮೆ ಉಳಿತಾಯದಲ್ಲಿದೆ. ಅರ್ಥ್‌ಸೀಯಲ್ಲಿ ಮಂತ್ರವೆಂದರೆ ವಸ್ತುವಿನ ನಿಜನಾಮದ ಅರಿವು. ಒಮ್ಮೆ ಅರಿತದ್ದು ಖರ್ಚಾಗುವುದಿಲ್ಲ, ಶಕ್ತನಾದವನು ಬೇಕೆಂದಾಗ ಗಾಳಿಯನ್ನು ಕರೆಯಬಲ್ಲ. ಆದರೆ ರೋಕ್ ದ್ವೀಪದಲ್ಲಿ ಸುರಿಸಿದ ಮಳೆ ಆಸ್ಕಿಲ್‌ನಲ್ಲಿ ಬರವಾಗಬಹುದು ಎಂದು ರೋಕ್‌ನ ಗುರುಗಳು ಶಿಷ್ಯರನ್ನು ಎಚ್ಚರಿಸುತ್ತಾರೆ. ಬೆಲೆ ಮಾಂತ್ರಿಕನ ಜೇಬಿನಿಂದ ಹೋಗುವುದಿಲ್ಲ; ಎಲ್ಲಿಯೋ ಇರುವ, ಅವನು ನೋಡದ ಒಬ್ಬರಿಂದ ಹೋಗುತ್ತದೆ. ಆರ್ಸ್ ಮ್ಯಾಜಿಕಾದ ಕ್ರಮವನ್ನೂ ಪರಿಶೀಲಿಸಿದೆ. 1987ರ ಆ ಆಟದಲ್ಲಿ ಐದು ಕ್ರಿಯೆಗಳನ್ನು ಹತ್ತು ರೂಪಗಳೊಂದಿಗೆ ಜೋಡಿಸಿ ಹೊಸ ಮಂತ್ರಗಳನ್ನು ಕಟ್ಟಬಹುದು. ಅದು ಅತ್ಯಂತ ಸುಂದರವಾದ ವ್ಯವಸ್ಥೆಯಾದರೂ ಆಟಗಾರರನ್ನು ಮಂತ್ರದ ಇಂಜಿನಿಯರುಗಳನ್ನಾಗಿ ಮಾಡುತ್ತದೆ; ಮಂತ್ರ ಹಾಕದೆ ಸುಮ್ಮನಿರಬಲ್ಲ, ಲೆ ಗ್ವಿನ್ ಅವರ ಓಗಿಯನ್‌ನಂತಹ ಗುರುವಿಗೆ ಅದರಲ್ಲಿ ಜಾಗವಿಲ್ಲ.

ಕೊನೆಗೆ ಆಯ್ದುಕೊಂಡದ್ದು 2010ರ ‘ಅಪೋಕ್ಯಾಲಿಪ್ಸ್ ವರ್ಲ್ಡ್’ ಆಟದ ಸರಳ ಎಲುಬುಗೂಡನ್ನು. ಎರಡು ದಾಳಗಳನ್ನು ಉರುಳಿಸಿ ಕೂಡಿದಾಗ ಹತ್ತು ಅಥವಾ ಹೆಚ್ಚು ಬಂದರೆ ಪೂರ್ಣ ಜಯ, ಏಳರಿಂದ ಒಂಬತ್ತಾದರೆ ಬೆಲೆ ತೆತ್ತು ಪಡೆದ ಜಯ, ಆರು ಅಥವಾ ಕಡಿಮೆಯಾದರೆ ಕಥೆಯ ದಿಕ್ಕನ್ನು ಆಟ ನಡೆಸುವ ಗೇಮ್ ಮಾಸ್ಟರ್ (ನಮ್ಮ ಬಳಗದಲ್ಲಿ ನಾನು) ತಿರುಗಿಸುತ್ತಾನೆ. ಏನನ್ನೂ ಕೂಡದೆ ಆಡಿದರೆ 36 ಸಾಧ್ಯತೆಗಳಲ್ಲಿ 6 ಮಾತ್ರ ಪೂರ್ಣ ಜಯದವು. ನಡುವಿನ ಪಟ್ಟಿಗೆ 15, ಸೋಲಿಗೆ 15. ಪಾತ್ರದ ಪರಿಣತಿಗೆಂದು ಒಂದು ಅಂಕ ಕೂಡಿಸಿದರೆ ಇವು 10, 16, 10 ಆಗುತ್ತವೆ. ನುರಿತ ಮಾಂತ್ರಿಕನಿಗೂ ನಡುವಿನ ಪಟ್ಟಿಯೇ ಹೆಚ್ಚು ಒದಗುತ್ತದೆ ಎಂಬುದು ನನಗೆ ಬೇಕಾಗಿದ್ದ ಗಣಿತ.

ಈ ಗೂಡಿನ ಮೇಲೆ ನಾನು ಸೇರಿಸಿದ್ದು ಸಮತೋಲದ ಚೀಟಿಗಳನ್ನು. ನಡುವಿನ ಫಲ ಬಂದಾಗ ಬೆಲೆಯನ್ನು ಆ ಪಾತ್ರದ ಮೈಮೇಲೆ ಹೊರಿಸದೆ, ಬೇರೊಂದು ದ್ವೀಪದ ಹೆಸರನ್ನೂ ಅಲ್ಲಿ ಕೆಟ್ಟದ್ದೇನು ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ನಕ್ಷೆಯ ಮೇಲೆ ಬೋರಲಾಗಿ ಇಡುತ್ತೇನೆ. ಏನು ಬರೆದೆ ಎಂದು ಆಟಗಾರರಿಗೆ ಹೇಳುವುದಿಲ್ಲ, ಎಲ್ಲಿಟ್ಟೆ ಎಂಬುದು ಮಾತ್ರ ಅವರಿಗೆ ಕಾಣುತ್ತದೆ. ಹಡಗು ಆ ದ್ವೀಪಕ್ಕೆ ತಲುಪಿದ ದಿನ ಚೀಟಿ ಮಗುಚುತ್ತದೆ. ಗಾಂಟ್‌ನಿಂದ ಹಾವ್ನರ್‌ಗೆ ಬೇಗ ಮುಟ್ಟಲೆಂದು ನಮ್ಮ ಹವಾಮಾಂತ್ರಿಕ ಗಾಳಿ ಕರೆದಾಗ ಎಂಟು ಬಿತ್ತು, ಚೀಟಿ ತೊಂಬತ್ತು ದ್ವೀಪಗಳ ಕಡೆ ಹೋಯಿತು. ಬಹಳ ದಿನಗಳ ಮೇಲೆ ಅಲ್ಲಿ ಇಳಿದವರಿಗೆ, ಗಾಳಿಯಿಲ್ಲದೆ ನಡುಗಡಲಲ್ಲಿ ನಿಂತುಹೋದ ಮೀನುದೋಣಿಗಳ ಕಥೆಯನ್ನು ಊರವರು ಹೇಳಿದರು. ಅದಾದ ಮೇಲೆ ಆ ಆಟಗಾರ ಹುಟ್ಟು ಹಾಕಿಸುವುದನ್ನೇ ಮೊದಲು ಯೋಚಿಸತೊಡಗಿದ. ನನ್ನ ಮಟ್ಟಿಗೆ ಇಡೀ ಆಟದ ಅತ್ಯುತ್ತಮ ಬದಲಾವಣೆ ಅದು, ಅದಕ್ಕಾಗಿ ನಾನು ಒಂದು ಉಪದೇಶದ ಮಾತನ್ನೂ ಆಡಬೇಕಾಗಲಿಲ್ಲ.

ಎಲ್ಲ ಮಂತ್ರಕ್ಕೂ ಚೀಟಿ ಬೀಳುವುದಿಲ್ಲ. ಭ್ರಮೆಯ ವಿದ್ಯೆ ಲೋಕವನ್ನು ಮುಟ್ಟದೆ ನೋಟವನ್ನಷ್ಟೇ ಬದಲಿಸುವುದರಿಂದ ಅದಕ್ಕೆ ಬೆಲೆಯಿಲ್ಲ, ಅದರಿಂದ ಹೊಟ್ಟೆಯೂ ತುಂಬುವುದಿಲ್ಲ. ಆದ್ದರಿಂದ ಹಡಗಿನಲ್ಲಿರುವ ರೊಟ್ಟಿ, ನೀರುಗಳ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡುತ್ತೇನೆ. ಒಂದು ವಸ್ತುವನ್ನು ನಿಜವಾಗಿಯೂ ಮತ್ತೊಂದಾಗಿ ಮಾರ್ಪಡಿಸುವುದಕ್ಕೆ ಪೂರ್ಣ ಜಯ ಬಂದರೂ ಚೀಟಿ ತಪ್ಪದು. ಸತ್ತವರನ್ನು ಕರೆಯುವ ವಿದ್ಯೆಗೆ ನಾನು ನಿಯಮವನ್ನೇ ಬರೆಯಲಿಲ್ಲ. ಕಾದಂಬರಿಯ ನಾಯಕ ಗೆಡ್ ಹುಡುಗನಾಗಿದ್ದಾಗ ರೋಕ್‌ನಲ್ಲಿ ಅದನ್ನು ಮಾಡಿ ತಂದುಕೊಂಡ ದುರಂತವನ್ನು ನೆನೆದರೆ, ಅದು ದಾಳಕ್ಕೆ ಬಿಡುವ ವಿಷಯವಲ್ಲ ಎಂಬುದು ನನ್ನ ಅಭಿಪ್ರಾಯ.

ಹೆಸರುಗಳ ನಿಯಮ ಇದಕ್ಕಿಂತ ಸುಲಭವಾಗಿ ಹೊಳೆಯಿತು. ಪ್ರತಿ ಆಟಗಾರನೂ ತನ್ನ ಪಾತ್ರದ ಬಳಕೆಯ ಹೆಸರನ್ನು ಮಡಿಚಿದ ರಟ್ಟಿನ ಹೊರಗೆ, ನಿಜನಾಮವನ್ನು ಒಳಗೆ ಬರೆಯುತ್ತಾನೆ. ನಾನೂ ಅದನ್ನು ನೋಡುವುದಿಲ್ಲ. ಮತ್ತೊಬ್ಬ ಆಟಗಾರನಿಗೆ ರಟ್ಟು ತೆರೆದು ತೋರಿಸಿದರೆ, ಅಂದಿನಿಂದ ಆತ ನಿಮ್ಮ ದಾಳಕ್ಕೆ ಒಂದು ಅಂಕ ಕೂಡಬಲ್ಲ, ಹಾಗೆಯೇ ಆಟದುದ್ದಕ್ಕೂ ಒಂದೇ ಒಂದು ಬಾರಿ ನಿಮಗೆ ಆಜ್ಞೆಯನ್ನೂ ಮಾಡಬಲ್ಲ, ನೀವು ಅದನ್ನು ಮೀರುವಂತಿಲ್ಲ. ಆ ದುರಂತದ ನಂತರ ಯಾರೂ ಹತ್ತಿರ ಸುಳಿಯದಿದ್ದಾಗ ಗೆಳೆಯ ವೆಚ್ ತನ್ನ ನಿಜನಾಮವನ್ನು ಗೆಡ್‌ಗೆ ಹೇಳುವ ಪ್ರಸಂಗವೇ ಇದಕ್ಕೆ ಮಾದರಿ. ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಉಸುರುವುದನ್ನು ನೋಡಿ ಬೆಳೆದ ನಮ್ಮ ಬಳಗಕ್ಕೆ ಈ ನಿಯಮವನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಗಟ್ಟಿಯಾಗಿ ಓದಬಾರದು, ತೋರಿಸಬೇಕು ಎಂಬ ಕಟ್ಟಳೆಯನ್ನು ಅವರೇ ಸೇರಿಸಿದರು.

ಕಾಲದ ಆಯ್ಕೆಯಲ್ಲಿ ಗೆಡ್‌ನ ಆಯುಷ್ಯದಿಂದ ದೂರ ನಿಂತೆ. ನಾಯಕ ಎಲ್ಲಿಯೋ ಇದ್ದು ದೊಡ್ಡ ಕೆಲಸಗಳನ್ನೆಲ್ಲ ಮಾಡುತ್ತಿರುವಾಗ ಆಟಗಾರರು ಅವನ ಸಾಮಾನು ಹೊರುವವರಾಗುತ್ತಾರೆ. ದೊರೆ ಮಹಾರಿಯನ್‌ನ ನಂತರ ಹಾವ್ನರ್‌ನ ಸಿಂಹಾಸನ ಎಂಟು ಶತಮಾನಗಳ ಕಾಲ ಬರಿದಾಗಿತ್ತು, ಲೆ ಗ್ವಿನ್ ಆ ಅವಧಿಯ ಬಹುಭಾಗವನ್ನು ಬರೆಯದೆ ಬಿಟ್ಟಿದ್ದಾರೆ. ದ್ವೀಪಕ್ಕೊಬ್ಬ ಒಡೆಯನಿರುವ, ಕಡಲ್ಗಳ್ಳರಿಗೆ ತಡೆಯಿಲ್ಲದ ಆ ಕಾಲ ಆಟಕ್ಕೆ ಹೇಳಿ ಮಾಡಿಸಿದಂತಿದೆ. ಪಾತ್ರಗಳ ಚಿತ್ರಗಳನ್ನು ಹುಡುಕುವಾಗ ಒಂದು ಎಚ್ಚರ ಬೇಕು: ಈ ದ್ವೀಪಸಮೂಹದ ಜನ ತಾಮ್ರಗೆಂಪು, ಕಂದು, ಕಪ್ಪು ಬಣ್ಣದವರು, ಬಿಳಿಯರು ಕಾರ್ಗ್ ನಾಡಿನವರು. 2004ರ ಕಿರುತೆರೆ ರೂಪಾಂತರ ಇದನ್ನು ಬದಲಿಸಿದಾಗ ಲೇಖಕಿ ಬಹಿರಂಗವಾಗಿಯೇ ಆಕ್ಷೇಪಿಸಿದ್ದರು.

ಡ್ರಾಗನ್‌ಗಳಿಗೆ ಅಂಕಗಳನ್ನೇ ಕೊಡಲಿಲ್ಲ. ಅವುಗಳೊಡನೆ ಮಾತು ಮಾತ್ರ ಸಾಧ್ಯ, ಮಾತು ನಡೆಯುವುದು ನಿಜನಾಮಗಳ ಪ್ರಾಚೀನ ನುಡಿಯಲ್ಲಿ. ಆ ನುಡಿಯಲ್ಲಿ ಮನುಷ್ಯನು ಸತ್ಯಕ್ಕೆ ಬದ್ಧ, ಡ್ರಾಗನ್ ಬದ್ಧವಲ್ಲ. ಮೇಜಿನ ಮೇಲೆ ಇದರ ಅರ್ಥ ಇಷ್ಟೇ: ನಾನು ಡ್ರಾಗನ್ ಆಗಿ ಸುಳ್ಳು ಹೇಳಬಹುದು, ಎದುರಿನವರು ಹೇಳುವಂತಿಲ್ಲ. ಪೆಂಡರ್ ದ್ವೀಪದ ಬಳಿ ಡ್ರಾಗನ್‌ನೊಡನೆ ನಡೆದ ಮಾತುಕತೆ ಇಡೀ ಸಂಜೆಯನ್ನು ನುಂಗಿತು. ದಾಳಗಳು ಡಬ್ಬಿಯಲ್ಲೇ ಇದ್ದವು.

ಈ ನಿಯಮಗಳ ಪ್ರತಿ ಕೇಳುವವರಿಗೆ ಒಂದು ಮಾತು. ಲೆ ಗ್ವಿನ್ 2018ರಲ್ಲಿ ತೀರಿಕೊಂಡರು, ನಮ್ಮ ದೇಶದ ಕಾನೂನಿನಂತೆ ಲೇಖಕರ ಮರಣಾನಂತರ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ಮನೆಯಲ್ಲಿ ಗೆಳೆಯರೊಡನೆ ಆಡುವುದು ಬೇರೆ, ಅಚ್ಚು ಹಾಕಿ ಮಾರುವುದು ಬೇರೆ. ಹೀಗಾಗಿ ಚೀಟಿಗಳ ನಿಯಮವನ್ನೂ ರಟ್ಟಿನ ನಿಯಮವನ್ನೂ ಅರ್ಥ್‌ಸೀಯ ಹೆಸರುಗಳಿಂದ ಬಿಡಿಸಿ ಬೇರೆಯಾಗಿ ಬರೆಯುತ್ತಿದ್ದೇನೆ. ಚೀಟಿಗಳ ಭಾಗ ಮುಗಿದಿದೆ, ರಟ್ಟಿನ ಭಾಗದಲ್ಲಿ ಪರಿಚಯವಿಲ್ಲದವರು ಒಟ್ಟಿಗೆ ಕುಳಿತು ಆಡಿದರೆ ಆ ಒಂದು ಆಜ್ಞೆಯ ಮಿತಿ ಎಲ್ಲಿ ನಿಲ್ಲಬೇಕು ಎಂಬುದನ್ನು ಇನ್ನೂ ಖಚಿತಪಡಿಸಬೇಕಾಗಿದೆ.