ಚೆಂಡು ಬಿಟ್ಟು ಆಟಗಾರನನ್ನು ನೋಡಲು ಕಲಿತಿದ್ದು

ಕಬ್ಬನ್ ಪಾರ್ಕಿನ ಟೆನಿಸ್ ಸ್ಟೇಡಿಯಂಗೆ ಮೊದಲ ಎರಡು ಸಲ ಹೋದಾಗ ನಾನು ಚೆಂಡನ್ನೇ ನೋಡಿಕೊಂಡು ಬಂದೆ. 2017ರಲ್ಲಿ ಸುಮಿತ್ ನಾಗಲ್ ಬೆಂಗಳೂರು ಓಪನ್ ಗೆದ್ದರು, 2018ರಲ್ಲಿ ಪ್ರಜ್ಞೇಶ್ ಗುಣೇಶ್ವರನ್. ಎರಡು ಸಲವೂ ಕೈ ಕೆಂಪಾಗುವಷ್ಟು ಚಪ್ಪಾಳೆ ಹೊಡೆದೆ. ರಾತ್ರಿ ಮೈಸೂರಿನ ರೈಲಿನಲ್ಲಿ ಕೂತು, ಇವರು ಯಾಕೆ ಗೆದ್ದರು ಅಂತ ನನ್ನನ್ನೇ ಕೇಳಿಕೊಂಡರೆ ಸ್ಕೋರ್ ಬಿಟ್ಟು ಏನೂ ಹೊಳೆಯಲಿಲ್ಲ. ಕತ್ತು ನೋವು ಮಾತ್ರ ಉಳಿದಿತ್ತು.

ನಾನು ಮೈಸೂರಿನಲ್ಲಿ ಮಕ್ಕಳಿಗೆ ಟೆನಿಸ್ ಹೇಳಿಕೊಡುತ್ತೇನೆ. ಹಾಗಾಗಿ ಇದು ನನಗೆ ಸ್ವಲ್ಪ ನಾಚಿಕೆಯ ವಿಷಯವೇ ಆಗಿತ್ತು. ಎದುರಾಳಿಯನ್ನು ನೋಡಿ ಆಡು ಅಂತ ಮಕ್ಕಳಿಗೆ ದಿನಾ ಹೇಳುವವನಿಗೆ ನೋಡೋದೇ ಗೊತ್ತಿರಲಿಲ್ಲ.

ಮೊದಲು ಬದಲಾಯಿಸಿದ್ದು ಕೂರುವ ಜಾಗ. ನೆಟ್‌ಗೆ ನೇರವಾಗಿ, ಪಕ್ಕದಲ್ಲಿ ಕೂತರೆ ನೋಡೋಕೆ ಮಜಾ, ಆದರೆ ಏನೂ ತಿಳಿಯಲ್ಲ. ಬೇಸ್‌ಲೈನ್, ಅಂದರೆ ಕೋರ್ಟಿನ ಕೊನೆಯ ಗೆರೆಯ ಹಿಂದೆ, ಆದಷ್ಟು ಕೆಳಗಿನ ಮೆಟ್ಟಿಲಲ್ಲಿ ಕೂರಬೇಕು. ಟಿವಿಯಲ್ಲೂ ಹಿಂದಿನಿಂದಲೇ ತೋರಿಸುತ್ತಾರಲ್ಲ ಅನ್ನಬಹುದು. ಆದರೆ ಆ ಕ್ಯಾಮೆರಾ ತುಂಬಾ ಮೇಲಿರುತ್ತದೆ. ಚೆಂಡು ನೆಟ್ ಮೇಲೆ ಒಂದು ಅಡಿ ಎತ್ತರದಲ್ಲಿ ಹೋಯಿತೋ ನಾಲ್ಕು ಅಡಿ ಎತ್ತರದಲ್ಲೋ, ಬಿದ್ದ ಮೇಲೆ ಸೊಂಟಕ್ಕೆ ಬಂತೋ ಭುಜಕ್ಕೋ, ಅಲ್ಲಿಂದ ಎಲ್ಲಾ ಒಂದೇ ಥರ ಕಾಣುತ್ತದೆ. ಕೆಳಗೆ ಕೂತರೆ ಅದು ಕಣ್ಣಿಗೆ ಹೊಡೆದ ಹಾಗೆ ಗೊತ್ತಾಗುತ್ತದೆ. ಸದ್ದೂ ಸಿಗುತ್ತದೆ. ರ‍್ಯಾಕೆಟ್‌ನ ಮಧ್ಯಕ್ಕೆ ತಾಗಿದ್ದು ಬೇರೆ ಸದ್ದು, ಅಂಚಿಗೆ ತಾಗಿದ್ದು ಬೇರೆ. ಚೆಂಡು ಗೆರೆಯೊಳಗೇ ಬಿದ್ದರೂ ಸದ್ದು ಸರಿಯಿಲ್ಲದಿದ್ದರೆ, ಅವನಿಗೆ ಟೈಮಿಂಗ್ ಸಿಗುತ್ತಿಲ್ಲ ಅಂತ ಅರ್ಥ.

ಎರಡನೆಯದು, ಒಂದು ಸಲಕ್ಕೆ ಒಬ್ಬನನ್ನೇ ನೋಡೋದು. ಎರಡು ಗೇಮ್ ಪೂರ್ತಿ ಒಬ್ಬನ ಮೇಲೇ ಕಣ್ಣು. ಚೆಂಡು ಆಚೆ ಹೋದರೂ ಕಣ್ಣು ಅದರ ಹಿಂದೆ ಹೋಗಬಾರದು. ಮೊದಲ ದಿನ ಹುಚ್ಚು ಹಿಡಿದ ಹಾಗಾಯಿತು. ಪಾಯಿಂಟ್ ಯಾರಿಗೆ ಹೋಯಿತು ಅಂತಲೂ ಗೊತ್ತಾಗದೆ ಪಕ್ಕದವರನ್ನು ಕೇಳುತ್ತಿದ್ದೆ. ಆದರೆ ಅರ್ಧ ಗಂಟೆಯಲ್ಲಿ ಕಾಲುಗಳು ಕಾಣತೊಡಗಿದವು. ಎದುರಾಳಿ ಹೊಡೆಯುವ ಕ್ಷಣಕ್ಕೆ ಸರಿಯಾಗಿ ಚಿಕ್ಕದಾಗಿ ನೆಗೆದು ನಿಲ್ಲುತ್ತಾನಲ್ಲ, ಆ ಸ್ಪ್ಲಿಟ್ ಸ್ಟೆಪ್, ಸುಸ್ತಾದಾಗ ಮೊದಲು ಕೈಕೊಡೋದು ಅದೇ. ತಪ್ಪು ಹೊಡೆತ ಆಮೇಲೆ ಬರುತ್ತದೆ.

ಮುಖ್ಯ ಸುತ್ತಿಗೆ ಅರ್ಹತೆ ಪಡೆಯಲು ಆಡುವ ಒಂದು ಕ್ವಾಲಿಫೈಯಿಂಗ್ ಪಂದ್ಯ ನೆನಪಿದೆ. ಹೆಸರು ಬೇಡ. ಒಬ್ಬ ಆರೂವರೆ ಅಡಿ ಎತ್ತರದ ಹುಡುಗ, ಭರ್ಜರಿ ಸರ್ವ್. ಎದುರಿಗೆ ಅವನ ಭುಜದಷ್ಟಿದ್ದ ಇನ್ನೊಬ್ಬ. ಇಬ್ಬರದೂ ಬಲಗೈ ಆಟ. ನನ್ನ ಪಕ್ಕದ ಯಜಮಾನರು ಪ್ರತಿ ಸರ್ವ್‌ಗೂ "ಏನ್ ಹೊಡೀತಾನ್ರೀ!" ಅನ್ನುತ್ತಿದ್ದರು. ನಾನು ಪುಸ್ತಕದಲ್ಲಿ ಸರ್ವ್ ಬಿದ್ದ ಜಾಗ ಮಾತ್ರ ಗುರುತು ಹಾಕುತ್ತಿದ್ದೆ: ಹೊರಗಿನ ಗೆರೆ ಕಡೆಗೆ, ಎದುರಾಳಿಯ ಮೈಮೇಲೆ, ಮಧ್ಯದ ಗೆರೆಗೆ. ಜೊತೆಗೆ ಆಗಿನ ಸ್ಕೋರ್. ಮೊದಲ ಸೆಟ್ ಮುಗಿಯುವಾಗ ಒಂದು ಕಾಲಂ ವಿಚಿತ್ರವಾಗಿ ಕಂಡಿತು. ಅಡ್ವಾಂಟೇಜ್ ಕಡೆಯಿಂದ, ಅಂದರೆ ಕೋರ್ಟಿನ ಎಡಭಾಗದಿಂದ, ಆರಾಮಾಗಿದ್ದಾಗ ಮೂರೂ ಕಡೆ ಹೊಡೆಯುತ್ತಿದ್ದ. 30-40 ಆದರೆ, ಅಂದರೆ ಇನ್ನೊಂದು ಪಾಯಿಂಟ್ ಹೋದರೆ ಸರ್ವ್ ಮಾಡುವವನ ಗೇಮೇ ಹೋಗುತ್ತದೆ ಅನ್ನುವಾಗ, ಮಾತ್ರ ಪ್ರತಿ ಸಲ ಹೊರಗೆ, ಎದುರಾಳಿಯ ಬ್ಯಾಕ್‌ಹ್ಯಾಂಡ್‌ಗೆ. ಟಾಸ್, ಅಂದರೆ ಸರ್ವ್‌ಗೆ ಮೇಲೆಸೆಯುವ ಚೆಂಡು ಕೂಡ ಆಗ ಸ್ವಲ್ಪ ಎಡಕ್ಕೆ, ತಲೆಯ ಮೇಲಕ್ಕೆ ಹೋಗುತ್ತಿತ್ತು.

ಎರಡನೇ ಸೆಟ್, 4-4, 30-40. ಆ ಗಿಡ್ಡ ಹುಡುಗನಿಗೂ ಇದು ಗೊತ್ತಾಗಿತ್ತು ಅಂತ ಕಾಣುತ್ತದೆ. ಟಾಸ್ ಮೇಲೆ ಹೋಗುವ ತನಕ ಅಲ್ಲಾಡಲಿಲ್ಲ. ಚೆಂಡು ಕೈ ಬಿಟ್ಟ ತಕ್ಷಣ ಎಡಕ್ಕೆ ಎರಡು ಹೆಜ್ಜೆ ಸರಿದ, ಫೋರ್‌ಹ್ಯಾಂಡ್‌ನಲ್ಲೇ ನೇರ ಗೆರೆ ಹಿಡಿದು ಹೊಡೆದ. ಸರ್ವ್ ಮಾಡಿದವನು ನಿಂತಲ್ಲೇ ನಿಂತ. ಯಜಮಾನರು "ಅದೃಷ್ಟ" ಅಂದರು. ನಾನು ಪುಸ್ತಕ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ನೀವು ಮೊದಲೇ ಹೇಳೋದಲ್ವಾ" ಅಂದರು.

ಹೀಗೆ ಎಲ್ಲಾ ಸುಲಭವಾಗಿ ಸಿಕ್ಕಿತು ಅಂದುಕೊಳ್ಳಬೇಡಿ. ಈ ಉತ್ಸಾಹದಲ್ಲೇ ಒಂದು ದೊಡ್ಡ ಎಡವಟ್ಟು ಮಾಡಿದೆ. ಒಂದು ಜೂನಿಯರ್ ಟೂರ್ನಿಯಲ್ಲಿ ನನ್ನ ಶಿಷ್ಯೆಯ ಮುಂದಿನ ಎದುರಾಳಿಯ ಆಟವನ್ನು ಕೂತು ಬರೆದುಕೊಂಡೆ. ಬ್ಯಾಕ್‌ಹ್ಯಾಂಡ್‌ನಲ್ಲಿ 11 ತಪ್ಪು, ಫೋರ್‌ಹ್ಯಾಂಡ್‌ನಲ್ಲಿ 4. ಇನ್ನೇನು ಬೇಕು? "ಬ್ಯಾಕ್‌ಹ್ಯಾಂಡ್ ವೀಕು, ಅಲ್ಲಿಗೇ ಹೊಡಿ" ಅಂದೆ. ಪಾಪ, ಅವಳು ಹೇಳಿದ ಹಾಗೇ ಮಾಡಿದಳು. 6-3, 6-2. ಸೋತಿದ್ದು ನಮ್ಮವಳು.

ಮನೆಗೆ ಬಂದು ಟಿಪ್ಪಣಿ ಮತ್ತೆ ತೆಗೆದೆ. ಪ್ರತಿ ತಪ್ಪಿನ ಪಕ್ಕ ಚೆಂಡು ಎಷ್ಟು ಎತ್ತರಕ್ಕೆ ಬಂದಿತ್ತು ಅಂತ ಒಂದು ಚಿಕ್ಕ ಗೀಟು ಹಾಕಿದ್ದೆ, ಕೂಡಿ ನೋಡಿರಲಿಲ್ಲ ಅಷ್ಟೆ. 11ರಲ್ಲಿ 9 ತಪ್ಪು ಭುಜದ ಎತ್ತರದ ಚೆಂಡಿಗೆ. ನಾನು ಬರೆದುಕೊಂಡ ದಿನ ಅವಳ ಎದುರಿಗೆ ಆಡಿದವಳು ಟಾಪ್‌ಸ್ಪಿನ್ ಹಾಕಿ, ಅಂದರೆ ಚೆಂಡನ್ನು ಮುಂದಕ್ಕೆ ತಿರುಗಿಸಿ, ಎತ್ತರಕ್ಕೆ ಪುಟಿಸುವವಳು. ನಮ್ಮ ಹುಡುಗಿಯದು ಚಪ್ಪಟೆ ಹೊಡೆತ, ಚೆಂಡು ಸರಿಯಾಗಿ ಸೊಂಟಕ್ಕೆ ಹೋಗುತ್ತದೆ. ಎದುರಾಳಿಗೆ ಇಷ್ಟದ ಊಟವನ್ನೇ ನಾವು ಎಲೆ ಹಾಕಿ ಬಡಿಸಿ ಬಂದಿದ್ದೆವು.

ಆಮೇಲೆ ನಾನು "ಬ್ಯಾಕ್‌ಹ್ಯಾಂಡ್ ವೀಕು" ಅಂತ ಬರೆಯೋದನ್ನೇ ಬಿಟ್ಟೆ. ಎಷ್ಟು ಎತ್ತರದ ಚೆಂಡಿಗೆ, ನಿಂತು ಹೊಡೆದಾಗಲೋ ಓಡಿ ಹೊಡೆದಾಗಲೋ, ಸ್ಕೋರ್ ಎಷ್ಟಿದ್ದಾಗ? ಈ ಮೂರು ಇಲ್ಲದಿದ್ದರೆ ಆ ಸಾಲಿಗೆ ಬೆಲೆ ಇಲ್ಲ. ಒಂದೇ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುವವರಿಗೆ ಎತ್ತರದ ಚೆಂಡು ಕಷ್ಟ. ವೆಸ್ಟರ್ನ್ ಗ್ರಿಪ್, ಅಂದರೆ ಅಂಗೈ ಹಿಡಿಯ ಅಡಿಗೆ ಬರುವ ಹಾಗೆ ರ‍್ಯಾಕೆಟ್ ಹಿಡಿದು ಫೋರ್‌ಹ್ಯಾಂಡ್ ತಿರುಗಿಸುವವರಿಗೆ ಎತ್ತರದ್ದು ಹಬ್ಬ, ಮೊಣಕಾಲಿಗೆ ಬಂದಿದ್ದು ಕಷ್ಟ.

2023ರಲ್ಲಿ ಬೆಂಗಳೂರು ಓಪನ್ ಗೆದ್ದ ಆಸ್ಟ್ರೇಲಿಯಾದ ಮ್ಯಾಕ್ಸ್ ಪರ್ಸೆಲ್ ಅವರ ಆಟ ಈ ದೃಷ್ಟಿಯಿಂದ ನೋಡಬೇಕಾದ್ದು. ಇಂದಿನ ಕಾಲದಲ್ಲಿ ಯಾರೂ ಅಷ್ಟಾಗಿ ಹೊಡೆಯದ ಫೋರ್‌ಹ್ಯಾಂಡ್ ಸ್ಲೈಸ್, ಅಂದರೆ ಚೆಂಡನ್ನು ಅಡಿಯಿಂದ ಕತ್ತರಿಸಿದ ಹಾಗೆ ಹೊಡೆಯೋದು, ಅವರ ಕೈಯಲ್ಲಿದೆ. ಮೊದಲ ಸಲ ನೋಡಿದರೆ, ಅಯ್ಯೋ ಇವರಿಗೆ ಫೋರ್‌ಹ್ಯಾಂಡೇ ಬರಲ್ವಾ ಅನ್ನಿಸುತ್ತದೆ. ಆದರೆ ಸ್ಲೈಸ್ ಮಾಡಿದ ಚೆಂಡು ಪುಟಿಯೋದೇ ಕಡಿಮೆ. ಎದುರಿನವನು ಬಗ್ಗಿ ಎತ್ತಬೇಕು. ಅಷ್ಟರಲ್ಲಿ ಇವರು ನೆಟ್ ಹತ್ತಿರ ವಾಲಿಗೆ, ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯೋಕೆ, ಸಿದ್ಧ. ಚೆನ್ನೈ, ಬೆಂಗಳೂರು, ಪುಣೆ, ಆ ಸಲ ಸಾಲಾಗಿ ಮೂರು ಚಾಲೆಂಜರ್ (ಮುಖ್ಯ ಎಟಿಪಿ ಟೂರ್‌ಗಿಂತ ಒಂದು ಹಂತ ಕೆಳಗಿನ ಟೂರ್ನಿ) ಗೆದ್ದುಕೊಂಡು ಹೋದರು.

ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರದು ಇನ್ನೊಂದು ಬಗೆ. ಮೊಣಕಾಲಿನ ತೊಂದರೆಯ ಬಗ್ಗೆ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಹಾಗಿದ್ದೂ 2024ರಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಆ ಸರ್ವ್, ಆ ರಿಟರ್ನ್ ಇದ್ದಮೇಲೆ ಓಡುವ ಪ್ರಶ್ನೆ ಬರುವಷ್ಟರಲ್ಲಿ ಪಾಯಿಂಟೇ ಮುಗಿದಿರುತ್ತಿತ್ತು.

ಬೆಂಗಳೂರಿನಲ್ಲಿ ನೋಡುವವರು ಇನ್ನೊಂದು ವಿಷಯ ಮರೆಯಬಾರದು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿ ತೆಳು, ಚೆಂಡು ಸ್ವಲ್ಪ ಜಾಸ್ತಿಯೇ ಹಾರುತ್ತದೆ. ಚೆನ್ನೈನಿಂದ ನೇರ ಬಂದವನು ಮೊದಲ ದಿನ ಒಂದರ ಹಿಂದೊಂದು ಬೇಸ್‌ಲೈನ್ ಆಚೆ ಹೊಡೆದರೆ, ಅದನ್ನು ಅವನ ದೌರ್ಬಲ್ಯ ಅಂತ ಬರೆದುಕೊಳ್ಳಬೇಡಿ. ಎರಡನೇ ಪಂದ್ಯ ನೋಡಿ. ಹೊಸ ಚೆಂಡು ಬಂದಾಗಲೂ ಇದೇ ಕಥೆ. ಮೊದಲು 7 ಗೇಮ್‌ಗೆ, ಆಮೇಲೆ ಪ್ರತಿ 9 ಗೇಮ್‌ಗೆ ಚೆಂಡು ಬದಲಾಗುತ್ತದೆ. ಬದಲಾದ ಗೇಮ್ ಪಕ್ಕ ನಾನು ಒಂದು ಸೊನ್ನೆ ಹಾಕುತ್ತೇನೆ. ಹೊಸ ಚೆಂಡಿನಲ್ಲಿ ಸರ್ವ್ ಮಾಡುವವನಿಗೆ ಲಾಭ ಅಂತ ಎಲ್ಲರೂ ಹೇಳುತ್ತಾರೆ. ಕೆಲವರಿಗೆ ಅದೇ ಗೇಮ್‌ನಲ್ಲಿ ಎರಡೂ ಸರ್ವ್ ತಪ್ಪಿ ಡಬಲ್ ಫಾಲ್ಟ್ ಆಗೋದನ್ನೂ ನೋಡಿದ್ದೇನೆ.

ಪೆನ್ನು, ಇನ್ನೂರು ಪುಟದ ನೋಟ್‌ಬುಕ್, ಟೋಪಿ, ನೀರು. ಸಾಮಾನು ಇಷ್ಟೇ. ಮೊಬೈಲ್‌ನಲ್ಲಿ ಬರೆದುಕೊಳ್ಳೋದು ಬೇಡ ಅನ್ನೋದು ನನ್ನ ಸಲಹೆ. ಪ್ರತಿ ಪಾಯಿಂಟ್ ಮುಗಿದ ತಕ್ಷಣ ಫೋನ್ ಒತ್ತುತ್ತಾ ಕೂತರೆ ಬೆಟ್ಟಿಂಗ್‌ನವರಿಗೆ ಸ್ಕೋರ್ ಕಳಿಸುವವನು ಅಂತ ಅನುಮಾನ ಬರುತ್ತದೆ. ನನ್ನನ್ನೂ ಒಮ್ಮೆ ಒಬ್ಬರು ಬಂದು ವಿಚಾರಿಸಿದ್ದರು. ನೋಟ್‌ಬುಕ್ ನೋಡಿ, ನನ್ನ ಅಕ್ಷರ ಓದಲಾಗದೆ, ವಾಪಸ್ ಕೊಟ್ಟು ಹೋದರು.

ಲೆಕ್ಕ ಜಾಸ್ತಿ ಮಾಡಿದರೂ ಕಷ್ಟವೇ. ರೋಜರ್ ಫೆಡರರ್ 2024ರಲ್ಲಿ ಒಂದು ಘಟಿಕೋತ್ಸವದ ಭಾಷಣದಲ್ಲಿ ತಮ್ಮದೇ ಲೆಕ್ಕ ಹೇಳಿದರು: 1,526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ. 80 ಗೆಲುವು, ಆದರೆ ಗೆದ್ದ ಪಾಯಿಂಟ್‌ಗಳು ಶೇ. 54 ಮಾತ್ರ. ಅಷ್ಟು ದೊಡ್ಡ ಆಟಗಾರನೇ ಹೆಚ್ಚುಕಡಿಮೆ ಅರ್ಧ ಪಾಯಿಂಟ್ ಸೋತಿದ್ದಾರೆ ಅಂದಮೇಲೆ ಬರೀ ತಪ್ಪು ಎಣಿಸಿ ಏನು ಸಿಗುತ್ತದೆ? ನಾನೀಗ 30-30 ಆದಮೇಲಿನ ಪಾಯಿಂಟ್‌ಗಳನ್ನು ಮಾತ್ರ ಪೂರ್ತಿ ಬರೆಯುತ್ತೇನೆ. ಉಳಿದ ಹೊತ್ತು ಸುಮ್ನೆ ನೋಡುತ್ತೇನೆ. ಎರಡನೇ ಸರ್ವ್ ಒಂದನ್ನು ಬಿಟ್ಟು. ಅದನ್ನು ಮಾತ್ರ ಯಾವಾಗಲೂ ಬರೆಯುತ್ತೇನೆ, ಯಾಕೆಂದರೆ ಹೆದರಿಕೆ ಮೊದಲು ಕಾಣೋದು ಅಲ್ಲಿ. ಚೆಂಡು, ಸರ್ವ್ ಬೀಳಬೇಕಾದ ಬಾಕ್ಸ್‌ನ ಕೊನೆಯ ಗೆರೆ ಬಿಟ್ಟು ನೆಟ್ ಕಡೆಗೆ ಸರಿಯುತ್ತಾ ಬರುತ್ತದೆ.

ಹೋದ ಸಲ ಆ ಶಿಷ್ಯೆಯನ್ನೂ ಕರೆದುಕೊಂಡು ಹೋಗಿದ್ದೆ. ಅವಳಿಗೂ ಒಂದು ನೋಟ್‌ಬುಕ್ ಕೊಟ್ಟೆ. ಒಂದು ಸೆಟ್ ಮುಗಿದರೂ ಪುಟ ಖಾಲಿ. ಬೈಯೋಣ ಅಂದುಕೊಳ್ಳುವಷ್ಟರಲ್ಲಿ ಒಂದೇ ಒಂದು ಸಾಲು ಬರೆದು ನನ್ನ ಕಡೆ ತಿರುಗಿಸಿದಳು: "ಸರ್, ಆ ನೀಲಿ ಶರ್ಟ್ ಫೋರ್‌ಹ್ಯಾಂಡ್ ಮಿಸ್ ಆದ್ರೆ ಟವೆಲ್ ಹತ್ರ ಹೋಗ್ತಾನೆ, ಬ್ಯಾಕ್‌ಹ್ಯಾಂಡ್ ಮಿಸ್ ಆದ್ರೆ ಹೋಗಲ್ಲ."

ಮುಂದಿನ ನಾಲ್ಕು ಗೇಮ್ ನಾನು ಬೇರೇನೂ ಬರೆಯಲಿಲ್ಲ, ಟವೆಲ್ ಎಣಿಸಿದೆ. ಆರು ಸಲ ಹೋದ. ಐದು ಸಲ ಫೋರ್‌ಹ್ಯಾಂಡ್ ಮಿಸ್ ಆದಮೇಲೆ.